ಅಜ್ಜಿಯ ಹೊದಿಕೆ ಪೆಟ್ಟಿಗೆ

"ಏಯ್! ಅದರ ಮೇಲೆ ಹತ್ತಿದ್ರೆ ಕಾಲು ಮುರೀತೀನಿ!"

ಪೆಟ್ಟಿಗೆಯ ಮೇಲೆ ಹೆಜ್ಜೆಯಿಡಲು ಹೊರಟಿದ್ದ ಯುವಕ ಹೌಹಾರಿ ತಿರುಗಿದ. ಕಣ್ಣಿಗೆ ಕಣ್ಣು ಸೇರಿತು... ಬೈಯಲು ಬಂದ ಮೊಮ್ಮಗಳು ತಿಯುರ್ಮಾಳಿಗೆ ಮುಂದಿನ ಮಾತೇ ಮರೆತುಹೋಯಿತು!

"ನನ್ ಕಾಲಾ, ಪೆಟ್ಟಿಗೇದಾ? ಅದರದ್ದು ಆಗ್ಲೇ ಮುರಿದಿದೆ. ರಿಪೇರಿಗೇ ಬಂದಿದ್ದೀನಿ. ಜೊಂಗಿ ಅಂತ," ನಕ್ಕ ಅವನು.

ತೋಬಾ ಸರೋವರದ ದಡದ ಆ ಮನೆಗೆ ಆ ಪೆಟ್ಟಿಗೆಯೇ ಪ್ರಾಣ. ಮುತ್ತಜ್ಜ ಹಲಸಿನ ಮರದಲ್ಲಿ ಮಾಡಿಸಿದ್ದು. ಕುಲದ ಹೆಣ್ಣುಮಕ್ಕಳಿಗೆ ಮದುವೆಯಲ್ಲಿ ಹೊದಿಸುವ ಉಲೋಸ್ ಹೊದಿಕೆಗಳೆಲ್ಲ ಅದರೊಳಗೇ. ಅಜ್ಜಿ ಮಲಗುವುದೂ ಅದರ ಮೇಲೆಯೇ. ರಿಪೇರಿ ಮುಗಿಯುವವರೆಗೆ ಅವಳು ತಿಯುರ್ಮಾಳ ಚಿಕ್ಕಪ್ಪನ ಮನೆ ಸೇರಿದ್ದಳು.

ಹೊರಗೆ ನಿಂತಿದ್ದ ಜೊಂಗಿಯ ವ್ಯಾನ್ ಕಂಡು ತಿಯುರ್ಮಾಳ ಎದೆ ಧಸಕ್ಕೆಂದಿತು. ಅದರ ಬೋರ್ಡಿನ ಮೇಲೆ 'ಮಾನುರುಂಗ್ ಮರಗೆಲಸ' ಎಂದಿತ್ತು!

ಅವಳದೂ ಮಾನುರುಂಗ್ ಕುಲ. ಒಂದೇ ಕುಲವೆಂದರೆ ಒಡಹುಟ್ಟಿದವರ ಹಾಗೆ, ಮದುವೆಯಾಗುವಂತಿಲ್ಲ. ಮೊದಲ ಭೇಟಿಯಲ್ಲೇ ಕುಲ ಕೇಳುವುದು ಅವರ ಪದ್ಧತಿ. ಆದರೆ ಕಣ್ಣೆದುರೇ ಬರೆದಿರುವಾಗ ಕೇಳುವುದೇನು?

"ಅಣ್ಣಾ, ಕಾಫಿ..."

ಹಾಗೆ ಕರೆದಾಗಲೆಲ್ಲ ಅವನ ಮುಖ ಬಾಡುತ್ತಿತ್ತು. 'ಅಯ್ಯೋ ದೇವರೇ, ಬೇರೆ ಯಾವ ಕುಲದಲ್ಲಾದರೂ ಹುಟ್ಟಬಾರದಿತ್ತೇ ಇವನು!' ಎಂದು ಅವಳು ಒಳಗೊಳಗೇ ಅಳುತ್ತಿದ್ದಳು.

ಕೆಲಸ ಮುಗಿಯಿತು. ಅಂದೇ ಅವನು ವ್ಯಾನ್ ಸಮೇತ ದೋಣಿ ಹತ್ತಿ ಆಚೆ ದಡದ ತನ್ನೂರಿಗೆ ಹೊರಡುವವನು. ಅಜ್ಜಿ ಮರಳಿ ಬಂದು ಹೊದಿಕೆಗಳನ್ನು ಪೆಟ್ಟಿಗೆಗೆ ತುಂಬುತ್ತ ಕೇಳಿದಳು, "ಯಾವ ಕುಲಾನಪ್ಪಾ?"

"ಸಿನಾಗಾ, ಅಜ್ಜಿ. ವ್ಯಾನು ಸೋದರಮಾವಂದು. ಅಮ್ಮ ರೊಮೌಲಿ."

ತಿಯುರ್ಮಾಳ ಕೈಯಿಂದ ಲೋಟ ಜಾರಿತು!

"ನಮ್ಮ ದಾಯಾದಿ ಮಗಳು ರೊಮೌಲೀನಾ? ಅವಳ ಮದುವೇಲಿ ಹೊದಿಸಿದ ಉಲೋಸ್ ಈ ಪೆಟ್ಟಿಗೇದೇ!" ಅಜ್ಜಿ ಹಿಗ್ಗಿದಳು. "ಹಾಗಾದ್ರೆ ನಮ್ಮನೆ ಹುಡುಗಿ ಮೇಲೆ ನಿಂಗೆ ಹಕ್ಕೇ ಇದೆ ಬಿಡು. ಸೋದರಮಾವನ ಕುಲ ಅಲ್ವಾ!"

ಅಂಗಳದಲ್ಲಿ ಅವನು ತಿಯುರ್ಮಾಳ ಎದುರು ತಲೆ ತಗ್ಗಿಸಿ ನಿಂತ.

"ನೀವು ಅಮ್ಮನ ಕುಲದವರು ಅಂತ ನಂಗೆ ಮೊದಲೇ ಗೊತ್ತಿತ್ತು. ನೀವು ಅಣ್ಣ ಅಂದಾಗೆಲ್ಲ... ಇಷ್ಟ ಇಲ್ಲ ಅನ್ನೋದನ್ನ ಮರ್ಯಾದೆಯಾಗಿ ಹೇಳ್ತಿದ್ದೀರಿ ಅಂದ್ಕೊಂಡೆ."

"ಬೋರ್ಡ್ ಓದಿ ಮೋಸ ಹೋದೆ..." ಅವಳ ಕಣ್ಣು ತುಂಬಿ ಬಂತು. "ಹಾಗೆ ಕರೆದಾಗೆಲ್ಲ ಜೀವ ಹೋಗ್ತಿತ್ತು, ಗೊತ್ತಾ?"

ಅವನು ತಲೆಯೆತ್ತಿ ಅವಳನ್ನೇ ನೋಡಿದ.

"ಹಾಗಾದ್ರೆ... ನಾನೀಗ ಹೋಗ್ಲಾ?"

"ಹೋಗು. ಹೋಗಿ ನಿಮ್ಮಮ್ಮನ್ನ ಕರ್ಕೊಂಡ್ ಬಾ."

"ನಾಳೆ?"

"ನಾಳೆ ಯಾಕೆ? ಸಂಜೆ ವಾಪಸ್ ಬರೋ ದೋಣಿ ಇದೆಯಲ್ಲ!"