ಇಂದೂರದ ಪೇಟಿ

"ಕಣ್ಣಿಲೆ ಕಂಡಿಲ್ಲ, ಕೈಲೆ ಮುಟ್ಟಿಲ್ಲ. ಫೋನಿನ್ಯಾಗ ಹಾರ್ಮೋನಿಯಂದೊಂದು ಫೋಟೋ ನೋಡಿ ದುಡ್ಡು ಹಾಕಿಬಿಡೂದ?" ನಿರ್ಮಲಾ ಒಲೆಯ ಮುಂದೆ ಕೂತಲ್ಲಿಂದಲೇ ಕೂಗಿದಳು. "ಮೈಯಾಗ ಉಸಿರಿಲ್ಲ, ಪೇಟಿ ಬಾರಸ್ತಾರಂತ ಪೇಟಿ!"

"ಹಾಕೇನಿ. ಏನೀಗ?" ಅಂದ ಗಂಡ ಜ್ಯೋತಿಬಾ.

"ಆ ಮುದುಕ ಅಂದದ್ದರ ಕೇಳಿಸ್ತಿಲ್ಲೋ? 'ಪೇಟಿ ಕರಕೊಂಡು ಹೋಗ್ರಿ' ಅಂದಾ. ಪೆಟ್ಟಿಗಿ ಯಾರರ ಕರಕೊಂಡು ಹೋಗ್ತಾರೇನ್ರಿ? ಒಯ್ತಾರ. ಕರಕೊಂಡು ಹೋಗೂದು ಮನಶ್ಯಾರನ್ನ!"

ಜ್ಯೋತಿಬಾನ ಕೈಯಲ್ಲಿದ್ದ ಫೋನು ಕೆಮ್ಮಿತು. ಪೇಟಿ ಮಾರಿದ ಆ ಮುದುಕ, ಮುಂಡಗೋಡ ಕಡೆಯ ಇಂದೂರದ ಉಳವಪ್ಪ, ಇನ್ನೂ ಫೋನು ಇಟ್ಟಿರಲಿಲ್ಲ.

"ಅಕ್ಕಾರು ಶಾಣ್ಯಾ ಅದಾರ," ಎಂದಿತು ಆ ದನಿ, ಬಾವಿಯ ತಳದಿಂದ ಬಂದ ಹಾಗೆ. "ಒಂದ ಮಾತು ನೆಪ್ಪಿಡ್ರಿ ಅಣ್ಣಾರ. ಆ ಪೇಟಿ ಇದ್ದ ಮನ್ಯಾಗ ಹೆಣಮಕ್ಕಳನ್ನ ಹೆಸರು ಹಿಡದು ಕರೀಬೇಕು. ಬರೇ 'ಏ, ಬಾ' ಅನಬಾರದು. ನಾ ಹೇಳೇನಿ. ಇನ್ನ ನನ್ನ ಮ್ಯಾಲ ತಪ್ಪಿಲ್ಲ."

ಜ್ಯೋತಿಬಾ ಹೊಟ್ಟೆ ಹಿಡಿದುಕೊಂಡು ನಕ್ಕ. "ಹೆಸರು ಹಿಡದು ಕರಿಯಾಕ ಇದೇನು ಸಾಲಿ ಹಾಜರೀನ ಮುತ್ಯಾ? ಹೆಂಡ್ತಿ ಹೆಸರು ಹಿಡದು ಕರದವ್ರು ನಮ್ಮ ಮನಿತನದಾಗ ಯಾರೂ ಹುಟ್ಟಿಲ್ಲ. ಸುಮ್ಮನ ಬಸ್ಸಿಗೆ ಹಾಕಿ ಕಳಸು."

ಅವನು ಹೇಳಿದ್ದು ಸುಳ್ಳಲ್ಲ. ಮದುವೆಯಾಗಿ ಇಪ್ಪತ್ತೆರಡು ವರ್ಷವಾಗಿತ್ತು. 'ಏ' ಎಂದು ಕರೆದಿದ್ದ, 'ಇಕಾ' ಎಂದಿದ್ದ, 'ಎಲ್ಲಿ ಸತ್ತಿ' ಎಂದೂ ಕೂಗಿದ್ದ. 'ನಿರ್ಮಲಾ' ಎಂದು ಒಂದು ದಿನವೂ ಅಂದವನಲ್ಲ. ಅವನ ಅಪ್ಪನೂ ಅಂದವನಲ್ಲ.

ಧಾರವಾಡ ಸೀಮೆಯ ಹಳ್ಳಿಯಿಂದ ದಾಂಡೇಲಿಯ ಕಾಗದದ ಕಾರ್ಖಾನೆಗೆ ಬಂದಾಗ ಜ್ಯೋತಿಬಾ ಅಪ್ಪನ ಹಾರ್ಮೋನಿಯಂ ಪೇಟಿಯನ್ನು ಹೆಗಲ ಮೇಲೆ ಹೊತ್ತು ತಂದಿದ್ದ. ಹೊಸದರಲ್ಲಿ ಅವನು ತಿದಿ ಒತ್ತುತ್ತಿದ್ದ, ಹೆಂಡತಿ ಭಜನೆಯ ಪದ ಹಾಡುತ್ತಿದ್ದಳು. ಆಮೇಲೆ ಪೇಟಿಗೆ ಗೆದ್ದಲು ಹತ್ತಿತು. ಅವಳ ಹಾಡೂ ನಿಂತಿತು. ಬಾಯ್ಲರ್ ಎದುರು ಮೂರು ಪಾಳಿಯಲ್ಲಿ ಬೆಂದು ಬೆಂದು ಅವನ ಮೈ ಸುಟ್ಟ ಇಟ್ಟಂಗಿಯಂತಾಗಿತ್ತು. ಸಾಯುವುದರೊಳಗೆ ಅವಳ ಹಾಡು ಇನ್ನೊಮ್ಮೆ ಕೇಳಬೇಕು ಅನ್ನುವುದೊಂದೇ ಅವನಿಗೆ ಉಳಿದಿದ್ದ ಆಸೆ. ಅದಕ್ಕೇ ಪೇಟಿ ಕೊಂಡದ್ದು. ಆದರೆ ಅದನ್ನು ಅವಳಿಗೆ ಹೇಳುವ ಬಾಯಿ ಅವನಿಗಿರಲಿಲ್ಲ.

ಮರುದಿನ ಹಳಿಯಾಳದ ಮೇಲೆ ಹಾದು ಬಂದ ಬಸ್ಸಿನಿಂದ ಪೇಟಿ ಇಳಿಯಿತು. ಹಳೇ ಸಾಗವಾನಿ ಕಟ್ಟಿಗೆ. ಬೆರಳಿಡುವ ಬಿಳಿ ಮನೆಗಳು ಮುದುಕರ ಹಲ್ಲಿನ ಹಾಗೆ ಹಳದಿಯಾಗಿದ್ದವು. ಹಿಡಿಕೆಗೆ ಒಂದು ಟಿಕೇಟು ಕಟ್ಟಿತ್ತು. ಸಾಮಾನಿನ ಚೀಟಿ ಇರಬೇಕೆಂದು ಜ್ಯೋತಿಬಾ ಬಿಡಿಸಿ ನೋಡಿದ. ಮುಂಡಗೋಡದಿಂದ ದಾಂಡೇಲಿ. ಮಹಿಳೆ, ಒಬ್ಬರು. ದರ ಸೊನ್ನೆ.

"ಇದೇನ್ರಿ? ಪೇಟಿಗೆ ಹೆಂಗಸರ ಪುಕ್ಕಟೆ ಟಿಕೇಟು ಹರದೀರಿ?"

ಕಂಡಕ್ಟರು ಬೆವರು ಒರೆಸಿಕೊಂಡ. "ಪೇಟಿಗಲ್ಲ, ಅದರ ಜೋಡಿ ಬಂದಾರಲ್ಲ, ಹಸರ ಸೀರಿ ಅಕ್ಕಾರು, ಅವರಿಗೆ. ಹಳಿಯಾಳದಾಗ ಎಲ್ಲಾರೂ ಚಹಾಕ್ಕ ಇಳದ್ರೂ ಅವರು ಪೇಟಿ ಬಿಟ್ಟು ಏಳಲಿಲ್ಲ. ಎಲ್ಲಿ ಹೋದ್ರು? ಈಗಿನ್ನ ಇಳದ್ರು, ನಿಮ್ಮ ಹಿಂದ ನಿಂತಿದ್ರಲ್ಲ?"

ಜ್ಯೋತಿಬಾನ ಹಿಂದೆ ಯಾರೂ ಇರಲಿಲ್ಲ. "ಬಿಸಲಿಗೆ ನಿಮಗೂ ತಲಿ ತಿರಗೇತಿ," ಎಂದು ಬೈದು ಆಟೋ ಹತ್ತಿದ.

ನಿರ್ಮಲಾ ಪೇಟಿಯನ್ನು ದೂರದಿಂದ ನೋಡಿದಳು. ಮುಟ್ಟಲಿಲ್ಲ. ಹಾಡಲೂ ಇಲ್ಲ.

ರಾತ್ರಿ ಪಾಳಿ ಮುಗಿಸಿ ಬಂದವನಿಗೆ ಹಗಲೇ ರಾತ್ರಿ. ಕಿಟಕಿಗೆ ಕಂಬಳಿ ಕಟ್ಟಿ, ಕತ್ತಲು ಮಾಡಿಕೊಂಡು, ಜ್ಯೋತಿಬಾ ಹೆಣದ ಹಾಗೆ ಬಿದ್ದ. ಮಟಮಟ ಮಧ್ಯಾಹ್ನ. ಕಾರ್ಖಾನೆಯ ಕೊಳೆತ ನಾತ ಎಂದಿನಂತೆ ಕೋಣೆ ತುಂಬಿತ್ತು. ಅದರೊಳಗೆ ಇನ್ನೊಂದು ವಾಸನೆ ಸೇರಿತ್ತು. ಹಳೇ ತಲೆಯೆಣ್ಣೆ. ಸುಟ್ಟ ಲಿಂಬೆಹಣ್ಣು. ಗಂಟಲು ಒಣಗಿತ್ತು. ಕಣ್ಣು ತೆರೆಯದೆಯೇ ಕೂಗಿದ.

"ಏ, ನೀರು ತಗೊಂಡು ಬಾ."

ಬಳೆ ಸದ್ದಾಯಿತು. ತಂಬಿಗೆ ಕೈಗೆ ಬಂತು. ಕುಡಿದ. ನೀರಿಗೆ ಬೂದಿಯ ರುಚಿ. ತಂಬಿಗೆ ತಿರುಗಿ ಇಸಕೊಂಡ ಬೆರಳು ಮಳೆಗಾಲದ ಕಲ್ಲಿನಷ್ಟು ತಣ್ಣಗಿತ್ತು.

ಸಂಜೆ ಅವನು ಮಧ್ಯಾಹ್ನದ ನೀರಿನ ಮಾತೆತ್ತಿದಾಗ ನಿರ್ಮಲಾ ಚೀಲ ಇಳಿಸುತ್ತ ಅಂದಳು: "ನಾ ಎಲ್ಲಿ ನೀರು ಕೊಟ್ಟೇನಿ? ಊಟ ಮಾಡಿ ಸಂತಿಗೆ ಹೋದಾಕಿ ಈಗ ಬರಾಕತ್ತೇನಿ."

ಜ್ಯೋತಿಬಾ ಪೇಟಿಯ ಹಿಂದಿನ ಹಲಗೆ ಬಿಚ್ಚಿದ. ಒಳಗೆ ಕರಿದಾರ. ಕೆಂಪು ಬಳಿದ, ಒಣಗಿ ಕಲ್ಲಾದ ಲಿಂಬೆಹಣ್ಣು. ಸ್ವರದ ಹಿತ್ತಾಳೆ ಪಟ್ಟಿಗಳಿಗೆಲ್ಲ ಉದ್ದ ಕೂದಲು ಸುತ್ತಿತ್ತು, ಹೆಣ್ಣಿನ ಕೂದಲು. ಅವನು ಇಂದೂರಕ್ಕೆ ಫೋನು ಹಚ್ಚಿದ.

"ಲೇ ಮುದುಕಾ, ಏನು ಕಳಿಸಿದಿ ನನಗ?"

"ಎಷ್ಟು ಸಲ ಕರದ್ರಿ?" ಉಳವಪ್ಪ ಕೇಳಿದ್ದು ಅಷ್ಟೇ.

"...ಒಂದ."

"ನನ್ನ ಹೆಂಡ್ತಿರೀ ಆಕಿ. ಸುಮನ. ಸಿಟ್ಟಿಲೆ ಮನಿ ಬಿಟ್ಟು ಹೊಂಟು ನಿಂತಿದ್ಲು. ಹೋಗಬಾರದು ಅಂತ ಮಾಟ ಮಾಡಿಸಿ, ಆಕಿ ಕೂದಲಾ ಆಕಿ ಬಾರಸೂ ಪೇಟಿಗೆ ಕಟ್ಟಿಸಿದೆ. ಮರುದಿನ ಜೀವ ಹೋತು. ಆಕಿ ಹೋಗಲಿಲ್ಲ. ಹೆಸರಿಲ್ಲದ ಕರದ್ರ ತನ್ನನ್ನ ಕರದ್ರು ಅಂತ ಎದ್ದು ಬರ್ತಾಳ. ಮೂರು ಸಲ ಆತಂದ್ರ ಆಕೀನ ಆ ಮನಿಯಾಕಿ. ಒಂದ ಮನ್ಯಾಗ ಇಬ್ಬರು ನಿಲ್ಲೂದಿಲ್ರಿ ಅಣ್ಣಾರ."

ಫೋನು ಕಟ್ಟಾಯಿತು. ಮತ್ತೆ ಹತ್ತಲಿಲ್ಲ.

ಜ್ಯೋತಿಬಾ ಪೇಟಿಯನ್ನು ಆಗಲೇ ಹೊರಗೆ ಎಸೆಯಬಹುದಿತ್ತು. ಆದರೆ ಪಾಳಿಗೆ ಹೊತ್ತಾಗಿತ್ತು, ಕಾಲು ಎತ್ತಿಡಲು ಬಾರದಷ್ಟು ದಣಿವು. ಭಾನುವಾರ ರಜೆ, ಅಂದು ಅದೇ ಬಸ್ಸಿಗೆ ಹಾಕಿ ತಿರುಗಿ ಕಳಿಸಿದರಾಯಿತು ಎಂದುಕೊಂಡ. ಅಲ್ಲಿಯತನಕ ಬಾಯಿ ಬಿಗಿಹಿಡಿದರೆ ಮುಗಿಯಿತು. ಹೆಂಡತಿಗೆ ಏನೂ ಹೇಳಲಿಲ್ಲ. ಹೇಳಿದರೆ 'ನಾ ಮೊದಲ ಅಂದಿರಲಿಲ್ಲ?' ಅನ್ನುತ್ತಾಳೆ. ಆ ಮಾತು ಕೇಳುವುದು ದೆವ್ವಕ್ಕಿಂತ ಕಷ್ಟ.

ಶುಕ್ರವಾರ ಎರಡೆರಡು ಪಾಳಿ ಒಟ್ಟಿಗೆ ಮುಗಿಸಿ ಬಂದ. ಬೆನ್ನು ಸೀಳಿ ಹೋಗುವ ನೋವು. ಕತ್ತಲ ಕೋಣೆಯಲ್ಲಿ ಬೋರಲು ಬಿದ್ದ. ಅರೆನಿದ್ದೆಯಲ್ಲಿ ಬಾಯಿ ತನ್ನಷ್ಟಕ್ಕೆ ಆಡಿತು, ಇಪ್ಪತ್ತೆರಡು ವರ್ಷದಿಂದ ಆಡಿದ ಹಾಗೆಯೇ.

"ಏ, ಬೆನ್ನು ತುಳಿ ಬಾ."

ಒಂದು ಪಾದ ಬೆನ್ನ ಮೇಲೆ ಬಂತು. ಇನ್ನೊಂದು ಬಂತು. ಹಗುರ. ತಣ್ಣಗೆ. ಎಲ್ಲಿ ನೋವಿತ್ತೋ ಅಲ್ಲಿಯೇ ಒತ್ತುತ್ತಿತ್ತು. ಹಾ ಎಂದು ನರಳಿದ. ಇಂಥ ಸುಖ ಎಷ್ಟೋ ವರ್ಷದಿಂದ ಕಂಡಿರಲಿಲ್ಲ. ಮೂಲೆಯಲ್ಲಿ ತಿದಿ ಮೆಲ್ಲಗೆ ಉಸಿರಾಡುತ್ತಿತ್ತು. ಒಂದೇ ಸ್ವರ. ಎಳೆದು, ಎಳೆದು.

ಬಾಗಿಲು ತೆರೆದುಕೊಂಡಿತು. ಬಿಸಿಲು ಬಿತ್ತು.

"ಯಾರ ಜೋಡಿ ಮಾತಾಡಾಕತ್ತೀರಿ?" ನಿರ್ಮಲಾ ಹೊಸ್ತಿಲಲ್ಲಿ ನಿಂತಿದ್ದಳು.

ಪಾದಗಳು ಇನ್ನೂ ಬೆನ್ನ ಮೇಲಿದ್ದವು.

ಭಾರ ಇಳಿಯಿತು. ಬಳೆ ಸದ್ದು ಮೂಲೆಗೆ ಹೋಯಿತು. ಅವನು ಎದ್ದು ಕೂತ. ನಿರ್ಮಲಾ ಅವನ ಬೆನ್ನನ್ನೇ ನೋಡುತ್ತಿದ್ದಳು. ಬಿಳಿ ಬನಿಯನ್ನಿನ ಮೇಲೆ ಬೂದಿಯಲ್ಲಿ ಮೂಡಿದ್ದ ಎರಡು ಹೆಜ್ಜೆ. ಹೆಣ್ಣಿನವು. ಕಾಲುಂಗುರದ ಗುರುತು ಸಹಿತ.

"ಯಾರಾಕಿ?"

"ಯಾರೂ ಇಲ್ಲ. ಪೇಟಿ... ಪೇಟಿಯೊಳಗಿನಾಕಿ."

"ಸಾಕು ಮಾಡ್ರಿ! ನಾ ಸಂತಿಗೆ ಹೋದಾಗ ಬರ್ತಾಳ, ನೀರು ಕುಡಸ್ತಾಳ, ಬೆನ್ನು ತುಳೀತಾಳ. ಪೇಟಿ ಅಂತ ಪೇಟಿ!"

ಅವಳು ಎರಡು ಸೀರೆ ಚೀಲಕ್ಕೆ ತುರುಕಿದಳು. ಕ್ಯಾಸಲ್‌ರಾಕ್‌ನಲ್ಲಿ ಅವಳ ತಮ್ಮ ರೈಲ್ವೆಯಲ್ಲಿದ್ದ. ಸಂತೆಗೆ ಹೋಗುವಾಗಲೂ 'ಬರ್ತೇನಿ' ಎಂದೇ ಹೊರಡುವ ಹೆಂಗಸು ಅಂದು ಹೊಸ್ತಿಲು ದಾಟಿ "ಹೋಗ್ತೇನಿ" ಅಂದಳು.

ಜ್ಯೋತಿಬಾ ಬಾಗಿಲತನಕ ಓಡಿದ. ಓಣಿಯ ಹೆಂಗಸರು ಕಟ್ಟೆಗೆ ಬಂದಿದ್ದರು. ಪಕ್ಕದ ಮನೆಯ ಸುನಂದಾ ಕಸಬರಿಗೆ ಹಿಡಿದು ನಿಂತಿದ್ದಳು. ಆಟೋದಲ್ಲಿ ಒಂದು ಕಾಲಿಟ್ಟ ನಿರ್ಮಲಾ ತಿರುಗಿ ನೋಡಿದಳು. ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ. ದಣಿವಿತ್ತು.

"ಒಂದ ಸಲ ನನ್ನ ಹೆಸರು ಹಿಡದು ಕರೀರಿ. ನಿಂದರತೇನಿ."

ಅವನಿಗೆ ಗೊತ್ತಿತ್ತು. ಎರಡಾಗಿದೆ. ಇನ್ನೊಂದು ಉಳಿದಿದೆ. ಹೆಸರು ಅಂದರೆ ಸಾಕು. ಮೂರಕ್ಷರ.

"ನಿ..."

ನಾಲಿಗೆ ಹೊರಳಲಿಲ್ಲ. ಸುನಂದಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕಿಸಕ್ಕನೆ ನಕ್ಕಳು. ಓಣಿಯೆಲ್ಲ ನೋಡುತ್ತಿತ್ತು. ಅಪ್ಪ ಅನ್ನಲಿಲ್ಲ. ಅಜ್ಜ ಅನ್ನಲಿಲ್ಲ. ಸಿಟ್ಟು ನೆತ್ತಿಗೇರಿತು.

"ಏ! ಸಾಕು ನಿನ್ನ ಸೋಗು. ಬಾ ಒಳಗ!"

ಅಂದ ಮೇಲೆ ಕೇಳಿಸಿತು, ತಾನು ಅಂದದ್ದು.

ಬೆನ್ನ ಹಿಂದೆ ತಿದಿ ಉಸಿರೆಳೆದುಕೊಂಡಿತು. ಬಳೆ ಸದ್ದು. ಅಡಿಗೆಮನೆಯಲ್ಲಿ ಒಲೆ ಹೊತ್ತಿದ ಸದ್ದು. ಸುಟ್ಟ ಲಿಂಬೆಯ ವಾಸನೆ.

"ಬಂದೇರೀ."

"ನಿರ್ಮಲಾ!" ಜ್ಯೋತಿಬಾ ಕಿರುಚಿದ. "ನಿರ್ಮಲಾ! ನಿರ್ಮಲಾ!"

ಹೆಸರು ಬಾಯಿಗೆ ಬಂದಿತ್ತು. ಆಟೋ ಓಣಿ ದಾಟಿತ್ತು.

ತಣ್ಣನೆಯ ಬೆರಳು ಅವನ ಹೆಗಲ ಮೇಲೆ ಕೂತಿತು.

"ಬಾಗಲಾ ಹಾಕಿ ಒಳಗ ಬರ್ರಿ. ದಣದೀರಿ. ಬೆನ್ನು ತುಳೀತೇನಿ."

ನಿರ್ಮಲಾ ಆಮೇಲೆ ಆ ಹೊಸ್ತಿಲು ತುಳಿಯಲಿಲ್ಲ.