ಅಪ್ಪ ನೀರಿಗಿಳಿದದ್ದು

"ಅಪ್ಪಾ, ಷೂ ಬಿಚ್ಚಿ ಬನ್ನಿ! ನೀರು ಬೆಚ್ಚಗುಂಟು!"

ದೀಕ್ಷಿತಾ ಮೊಣಕಾಲು ಮುಳುಗುವಷ್ಟು ನೀರಿನಲ್ಲಿ ನಿಂತು ಕೂಗಿದಳು. ಅಲೆಯೊಂದು ಬಂದು ಅವಳ ಫ್ರಾಕಿನ ಅಂಚನ್ನು ಒದ್ದೆ ಮಾಡಿ ಹೋಯಿತು. ಪಕ್ಕದಲ್ಲಿ ತಮ್ಮ ಕುಶಲ ಅಮ್ಮನ ಕೈ ಹಿಡಿದುಕೊಂಡು, ಪ್ರತಿ ಅಲೆಗೂ ಕುಣಿಯುತ್ತಿದ್ದ.

ಅಪ್ಪ ಬರಲಿಲ್ಲ. ದೂರದ ಒಣ ಮರಳಿನಲ್ಲಿ, ಮಗುಚಿ ಹಾಕಿದ ಹಳೆಯ ದೋಣಿಯೊಂದರ ಪಕ್ಕ ಕೈಕಟ್ಟಿ ನಿಂತಿದ್ದರು.

"ಸಾಕು ದೀಕ್ಷಿ, ಮೇಲೆ ಬಾ."

"ಈಗ ಇಳಿದದ್ದಷ್ಟೇ ಅಪ್ಪಾ!"

"ಸಾಕು ಅಂದೆ."

ಬೆಳಗ್ಗೆ ಕತ್ತಲಿರುವಾಗಲೇ ಎದ್ದು, ಪುಣೆಯಿಂದ ಘಾಟಿ ಇಳಿದು, ಇಷ್ಟು ದೂರ ಬಂದದ್ದು ಮರಳು ನೋಡಲಿಕ್ಕಾ? ದೀಕ್ಷಿತಾಳಿಗೆ ಸಿಟ್ಟು ಬಂತು. ಚಪ್ಪಲಿಯನ್ನು ನೀರಿನ ಅಂಚಿನಲ್ಲೇ ಬಿಟ್ಟು, ಕಾಲು ಎಳೆಯುತ್ತಾ ಮೇಲೆ ಬಂದಳು.

ಅವಳ ಅಪ್ಪ ಸುಖೇಶ್ ಪುಣೆಯ ವಾಕಡದಲ್ಲಿ ಒಂದು ಸಣ್ಣ ಮೀನಿನ ಹೋಟೆಲು ನಡೆಸುತ್ತಾರೆ. ಅವರ ಊರು ಉಡುಪಿಯ ಕಡೆ, ಸಮುದ್ರದ ಬದಿಯಲ್ಲೇ. ಆದರೆ ಹೋಟೆಲಿಗೆ ಮೀನು ಬರುವುದು ಈ ಹರ್ಣೈ ಬಂದರಿನಿಂದ. ಇಲ್ಲಿಯ ಮೀನಿನ ವ್ಯಾಪಾರಿ, ಎಲ್ಲರೂ ಚಿಕ್ಕಮ್ಮ ಎಂಬರ್ಥದಲ್ಲಿ ತಾನೂ ಮಾವಶಿ ಎಂದು ಕರೆಯುವ ಹೆಂಗಸು, ಐಸು ತುಂಬಿದ ಥರ್ಮೊಕೋಲ್ ಪೆಟ್ಟಿಗೆಗಳಲ್ಲಿ ಮೀನು ಕಳಿಸುತ್ತಾರೆ. ಅದರಲ್ಲಿ ಬರುವ ದೊಡ್ಡ ಮೀನನ್ನು ಅಪ್ಪ ಮನೆಯಲ್ಲಿ ಅಂಜಲ್ ಎನ್ನುತ್ತಾರೆ, ಹೋಟೆಲಿನ ಮೆನುವಿನಲ್ಲಿ ಸುರ್ಮಯಿ ಎಂದು ಬರೆಸಿದ್ದಾರೆ.

ಮಾವಶಿ ಫೋನಿನಲ್ಲಿ ಪ್ರತಿ ಸಲ ಕರೆಯುತ್ತಿದ್ದರು. "ನನ್ನ ಮೀನಿನಿಂದ ಹೋಟೆಲು ನಡೆಸುತ್ತೀ, ಒಂದು ಸಲವೂ ಬಂದು ಮುಖ ತೋರಿಸಿಲ್ಲವಲ್ಲ!" ಅಪ್ಪ ಪ್ರತಿ ಸಲ ನಕ್ಕು, "ಬರ್ತೇನೆ ಮಾವಶಿ, ಬರ್ತೇನೆ" ಎಂದು ಮರಾಠಿಯಲ್ಲಿ ಹೇಳಿ ಫೋನ್ ಇಡುತ್ತಿದ್ದರು. ಈ ದೀಪಾವಳಿ ರಜೆಯಲ್ಲಿ ದೀಕ್ಷಿತಾ ಹಟ ಹಿಡಿದಳು. ಅಮ್ಮನೂ ಅವಳ ಪಕ್ಷ ಸೇರಿದಳು.

ಬಂದು ನೋಡಿದರೆ ಊರು ಎಷ್ಟು ಚಂದ! ಸಮುದ್ರದ ನಡುವೆಯೇ ಒಂದು ಕೋಟೆ. ಬಣ್ಣಬಣ್ಣದ ಬಾವುಟ ಕಟ್ಟಿದ ದೊಡ್ಡ ದೋಣಿಗಳು ದೂರದಲ್ಲಿ ಲಂಗರು ಹಾಕಿ ನಿಂತಿದ್ದವು. ಎತ್ತಿನ ಗಾಡಿಗಳು ಸೀದಾ ನೀರಿಗೇ ಇಳಿದು ಮೀನಿನ ಬುಟ್ಟಿ ಹೇರಿಕೊಂಡು ಬರುತ್ತಿದ್ದವು. ಎತ್ತುಗಳಿಗೂ ನೀರಿಗೆ ಇಳಿಯಲು ಬಿಡುತ್ತಾರೆ, ತನಗೆ ಮಾತ್ರ ಬಿಡುವುದಿಲ್ಲ ಎಂದುಕೊಂಡಳು ದೀಕ್ಷಿತಾ.

"ಅಪ್ಪಾ, ದೋಣಿಯಲ್ಲಿ ಒಂದು ರೌಂಡ್ ಹೋಗುವಾ? ಪ್ಲೀಸ್. ನಮ್ಮ ಬಿಲ್ಡಿಂಗಿನ ಮಿಥುನ ಗೋವಾದಲ್ಲಿ ಹೋಗಿದ್ದಾನೆ."

"ಬೇಡ."

"ಯಾಕೆ?"

"ಬೇಡ ಅಂದ್ರೆ ಬೇಡ!"

ದೀಕ್ಷಿತಾ ಬೆಚ್ಚಿದಳು. ಅಪ್ಪ ಹೀಗೆ ಗದರುವವರೇ ಅಲ್ಲ. ಹೋದ ತಿಂಗಳು ಅವಳು ಹೋಟೆಲಿನ ಅಡುಗೆಮನೆಯಲ್ಲಿ ಒಂದು ಪಾತ್ರೆ ತುಂಬ ಮೀನಿನ ಸಾರು ಚೆಲ್ಲಿದಾಗಲೂ, "ಕಾಲು ಸುಟ್ಟಿತಾ?" ಎಂದಷ್ಟೇ ಕೇಳಿದ್ದರು.

ಅಮ್ಮ ಬಂದು ಅವಳ ತಲೆ ಸವರಿದಳು. "ಅದೊಂದು ಕೇಳ್ಬೇಡ ಪುಟ್ಟಿ. ನಾನು ಕುಶಲನ ಬಟ್ಟೆ ಬದಲಿಸಿ ಬರ್ತೇನೆ. ನೀನು ಅಪ್ಪನ ಹತ್ತಿರವೇ ಇರು, ಆಯ್ತಾ?"

ಅಮ್ಮ ಹೋದಳು. ಸ್ವಲ್ಪ ಹೊತ್ತಿಗೆ ತಾನೂ ಮಾವಶಿಯ ಮಗ ಬಂದು, ಮೀನು ಆರಿಸಲು ಅಪ್ಪನನ್ನು ಐಸಿನ ಶೆಡ್ಡಿಗೆ ಕರೆದ. ಶೆಡ್ಡು ಅಲ್ಲೇ ಎದುರಿಗಿತ್ತು.

"ಇಲ್ಲೇ ಕೂತಿರು. ನೀರಿಗೆ ಇಳೀಬೇಡ. ಈಗ ಬಂದೆ," ಎಂದು ಹೇಳಿ ಅಪ್ಪ ಹೊರಟರು. ನಡುವೆ ಎರಡು ಸಲ ತಿರುಗಿ ನೋಡಿದರು.

ದೀಕ್ಷಿತಾ ಮಗುಚಿದ ದೋಣಿಗೆ ಒರಗಿ ಕೂತಳು. ಒಂದು ಸಣ್ಣ ದೋಣಿ ನೀರಿಗೆ ಹೊರಡಲು ಸಿದ್ಧವಾಗಿತ್ತು. ಒಬ್ಬ ಮುದುಕ ಹುಟ್ಟು ಹಿಡಿದು ಕೂತಿದ್ದ. ಹಸಿರು ಸೀರೆಯನ್ನು ಕಚ್ಚೆ ಹಾಕಿ ಉಟ್ಟಿದ್ದ ತಾನೂ ಮಾವಶಿ ಅದಕ್ಕೆ ಖಾಲಿ ಬುಟ್ಟಿಗಳನ್ನು ಎಸೆಯುತ್ತಿದ್ದರು.

"ಅಗೋ, ನಮ್ಮ ದೊಡ್ಡ ದೋಣಿ ಬಂತು," ಎಂದರು ಮಾವಶಿ ಮರಾಠಿಯಲ್ಲಿ. "ಎಂಥ ಮೀನು ಸಿಕ್ಕಿದೆ ನೋಡಿ ಬರುತ್ತೇನೆ. ಬರುತ್ತೀಯಾ ಪೋರಿ?"

ದೀಕ್ಷಿತಾ ಎದ್ದು ನಿಂತಳು.

"ಅಪ್ಪನನ್ನು ಕೇಳಿದೆಯಾ?"

ದೀಕ್ಷಿತಾ ಹೌದೆಂದು ತಲೆಯಾಡಿಸಿದಳು. ಕೇಳಿದ್ದಂತೂ ನಿಜ. ಅಪ್ಪ ಏನು ಹೇಳಿದರು ಎಂದು ಮಾವಶಿ ಕೇಳಲಿಲ್ಲ.

ದೋಣಿ ಹೊರಟಿತು. ಮೊದಲ ಅಲೆಗೆ ಅದು ಮೂತಿ ಎತ್ತಿ ಧೊಪ್ಪೆಂದು ಕೆಳಗಿಳಿದಾಗ ದೀಕ್ಷಿತಾಳ ಹೊಟ್ಟೆಯಲ್ಲಿ ಕಚಗುಳಿ ಇಟ್ಟಂತಾಯಿತು. ಅವಳು ಜೋರಾಗಿ ನಕ್ಕಳು. ಮಾವಶಿಯೂ ನಕ್ಕರು. ಗಾಳಿಗೆ ಕೂದಲೆಲ್ಲ ಮುಖದ ಮೇಲೆ. ಬಾಯಿಗೆ ಉಪ್ಪುಪ್ಪು. ಕೋಟೆ ಹತ್ತಿರ ಹತ್ತಿರ ಬರುತ್ತಿತ್ತು. ದಡದ ಜನ ಬೊಂಬೆಗಳ ಹಾಗೆ ಸಣ್ಣಗಾದರು.

ಆ ಬೊಂಬೆಗಳ ನಡುವೆ ಒಂದು ಬಿಳಿ ಅಂಗಿ ಶೆಡ್ಡಿನಿಂದ ಹೊರಗೆ ಬಂತು.

ಅಪ್ಪ.

ಅವರು ಮಗುಚಿದ ದೋಣಿಯ ಹತ್ತಿರ ಹೋಗಿ ಆಚೀಚೆ ನೋಡಿದರು. ಅದಕ್ಕೆ ಒಂದು ಸುತ್ತು ಬಂದರು. ಆಮೇಲೆ ನೀರಿನ ಕಡೆ ಓಡಿದರು. ಅಲೆಯ ಅಂಚಿನಲ್ಲಿ ಬಗ್ಗಿ ಏನನ್ನೋ ಎತ್ತಿಕೊಂಡರು. ಗುಲಾಬಿ ಬಣ್ಣದ್ದು.

ಅಯ್ಯೋ, ನನ್ನ ಚಪ್ಪಲಿ!

"ಅಪ್ಪಾ! ನಾನು ಇಲ್ಲಿ!" ದೀಕ್ಷಿತಾ ಕೈ ಬೀಸಿದಳು. ಗಾಳಿ ಎದುರಿನಿಂದ ಬೀಸುತ್ತಿತ್ತು. ಅವಳ ಕೂಗು ದಡ ಮುಟ್ಟಲಿಲ್ಲ. ಅಪ್ಪ ದೋಣಿಗಳ ಕಡೆ ನೋಡಲೇ ಇಲ್ಲ. ಅವರು ನೋಡುತ್ತಿದ್ದದ್ದು ತಮ್ಮ ಕಾಲ ಬುಡದ ನೀರನ್ನು.

ಆಮೇಲೆ ಚಪ್ಪಲಿಯನ್ನು ಒಣ ಮರಳಿಗೆ ಎಸೆದು ಅವರು ನೀರಿಗೆ ಇಳಿದರು. ಷೂ ಹಾಕಿಕೊಂಡೇ.

ಮೊಣಕಾಲು. ಸೊಂಟ. ಅವರು ಎರಡೂ ಕೈಗಳನ್ನು ನೀರೊಳಗೆ ಹಾಕಿ ತಡಕಾಡುತ್ತಿದ್ದರು. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ಮೊಬೈಲ್ ಬೀಳಿಸಿಕೊಂಡರೇನೋ ಎಂದುಕೊಂಡಳು ದೀಕ್ಷಿತಾ.

ಮರುಕ್ಷಣ ಅವಳಿಗೆ ಗೊತ್ತಾಯಿತು. ಅಪ್ಪ ಹುಡುಕುತ್ತಿದ್ದದ್ದು ಮೊಬೈಲನ್ನಲ್ಲ.

"ಮಾವಶಿ, ವಾಪಸ್! ವಾಪಸ್ ಹೋಗಿ!" ಅವಳ ದನಿ ಅಳುವಾಗಿತ್ತು. "ಅಪ್ಪ ಬೇಡ ಅಂದಿದ್ದರು. ನಾನು ಹೇಳಲೇ ಇಲ್ಲ."

ಮಾವಶಿ ದಡದ ಕಡೆ ಒಂದು ಸಲ ನೋಡಿದರು. ಮುದುಕನಿಗೆ ಕೂಗಿ ಹೇಳಿದರು. ದೋಣಿ ತಿರುಗಿತು.

ಅಷ್ಟರಲ್ಲಿ ನೀರು ಅಪ್ಪನ ಎದೆಯ ತನಕ ಬಂದಿತ್ತು. ಒಂದು ಅಲೆ ಅವರ ತಲೆಯ ಮೇಲೆಯೇ ಹಾದುಹೋಯಿತು. ಬಿಳಿ ಅಂಗಿ ಕಾಣಲಿಲ್ಲ. ತಲೆ ಮೇಲೆ ಬಂತು. ಅಪ್ಪ ಕೆಮ್ಮಿದರು. ಹಿಂದೆ ಹೋಗಲಿಲ್ಲ. ಮತ್ತೆ ಕೈಗಳು ನೀರೊಳಗೆ.

"ಅಪ್ಪಾ! ಅಪ್ಪಾ!"

ಈಗ ಕೇಳಿಸಿತು. ಅಪ್ಪ ತಲೆ ಎತ್ತಿದರು.

ದೋಣಿ ಹತ್ತಿರ ಬಂದಾಗ ಅವರು ಒಂದು ಕೈಯಲ್ಲಿ ಅದರ ಅಂಚು ಹಿಡಿದರು. ಇನ್ನೊಂದು ಕೈಯನ್ನು ಒಳಗೆ ಹಾಕಿ ದೀಕ್ಷಿತಾಳ ಪಾದ ಹಿಡಿದರು. ಬೈಯಲಿಲ್ಲ. ದೋಣಿ ಮರಳಿಗೆ ತಾಗುವ ತನಕ ಪಕ್ಕದಲ್ಲೇ ನಡೆದು ಬಂದರು. ಪಾದ ಬಿಡಲಿಲ್ಲ.

ಕುಶಲನನ್ನು ಕರೆದುಕೊಂಡು ಬಂದ ಅಮ್ಮ ದೂರದಲ್ಲೇ ನಿಂತುಬಿಟ್ಟಳು.

"ನೀವು... ನೀರಿಗೆ ಇಳಿದ್ರಾ?"

ಅಮ್ಮ ಕೇಳಿದ ರೀತಿ ದೀಕ್ಷಿತಾಳಿಗೆ ವಿಚಿತ್ರವೆನಿಸಿತು. ಅಮ್ಮ ದುಪಟ್ಟಾದಿಂದ ಅಪ್ಪನ ತಲೆ ಒರೆಸತೊಡಗಿದಳು, ಕುಶಲನ ತಲೆ ಒರೆಸುವ ಹಾಗೆಯೇ.

"ಅಪ್ಪ ಷೂ ಹಾಕಿ ಸ್ನಾನ ಮಾಡಿದ್ದು!" ಎಂದ ಕುಶಲ.

ಯಾರೂ ನಗಲಿಲ್ಲ.

ಮಾವಶಿ ಮನೆಯಿಂದ ಒಣ ಬಟ್ಟೆ ತರಿಸಿದರು. ಮಾವಶಿಯ ಮಗ ಆನೆಯಂಥ ಆಳು. ಅವನ ಅಂಗಿಯಲ್ಲಿ ಅಪ್ಪ ಎಲ್ಲೋ ಕಳೆದುಹೋದವರಂತೆ ಕಾಣುತ್ತಿದ್ದರು. ಮಗುಚಿದ ದೋಣಿಯ ನೆರಳಿನಲ್ಲಿ ಕೂತರು. ದೀಕ್ಷಿತಾ ಹೋಗಿ ಸ್ವಲ್ಪ ದೂರದಲ್ಲಿ ಕೂತಳು. ಆಮೇಲೆ ಸ್ವಲ್ಪ ಹತ್ತಿರ ಸರಿದಳು.

"ಸಾರಿ ಅಪ್ಪಾ. ಮಾವಶಿಗೆ ಸುಳ್ಳು ಹೇಳಿ ಹೋದೆ."

"ಹ್ಞೂಂ."

"ನೀವು ಯಾಕೆ ನೀರಿಗೆ ಇಳಿಯುವುದೇ ಇಲ್ಲ? ಮೇ ರಜೆಯಲ್ಲಿ ಊರಿಗೆ ಹೋದಾಗಲೂ ನಮ್ಮ ಜೊತೆ ಬೀಚಿಗೆ ಬರುವುದಿಲ್ಲ. ಕೆಲಸ ಉಂಟು ಅಂತೀರಿ."

ಅಪ್ಪ ಮರಳನ್ನು ಮುಷ್ಟಿಯಲ್ಲಿ ಹಿಡಿದು ಸುರಿಯುತ್ತಾ ಕೂತರು.

"ನನಗೆ ಒಬ್ಬ ಅಣ್ಣ ಇದ್ದ. ಮಧುಕರ. ನಿನಗೆ ದೊಡ್ಡಪ್ಪ ಆಗ್ಬೇಕಿತ್ತು."

ಊರಿನ ಮನೆಯಲ್ಲಿ, ಅಜ್ಜನ ಫೋಟೋದ ಪಕ್ಕ, ಎಣ್ಣೆ ಹಾಕಿ ತಲೆ ಬಾಚಿದ ಹುಡುಗನೊಬ್ಬನ ಫೋಟೋ ಇದೆ. ಅದು ಯಾರೆಂದು ದೀಕ್ಷಿತಾ ಯಾವತ್ತೂ ಕೇಳಿರಲಿಲ್ಲ.

"ಇಬ್ಬರೂ ಬೀಚಿಗೆ ಹೋದದ್ದು. ನಾನು ಮರಳಲ್ಲಿ ಆಡ್ತಾ ಇದ್ದೆ. ತಲೆ ಎತ್ತಿ ನೋಡಿದ್ರೆ ನೀರಿನ ಹತ್ತಿರ ಅವನ ಚಪ್ಪಲಿ ಇತ್ತು."

"ಮತ್ತೆ?"

"ಚಪ್ಪಲಿ ಮಾತ್ರ ಇತ್ತು."

ದೀಕ್ಷಿತಾ ತನ್ನ ಕಾಲು ನೋಡಿಕೊಂಡಳು. ಗುಲಾಬಿ ಚಪ್ಪಲಿಗಳನ್ನು ಅಪ್ಪ ಒಂದರ ಪಕ್ಕ ಒಂದು ಸರಿಯಾಗಿ ಜೋಡಿಸಿ ತಮ್ಮ ಬಳಿಯೇ ಇಟ್ಟುಕೊಂಡಿದ್ದರು.

"ನಾನು ನೀರಿಗೆ ಇಳಿಯಲಿಲ್ಲ ದೀಕ್ಷಿ. ಹೆದರಿ ಅಲ್ಲೇ ನಿಂತೆ. ಅಳ್ತಾ ನಿಂತೆ, ಅಷ್ಟೇ."

"ಆಗ ನೀವು ಎಷ್ಟು ದೊಡ್ಡವರಿದ್ರಿ?"

"ಸಣ್ಣವ. ನಮ್ಮ ಕುಶಲನಷ್ಟು ಇದ್ದೆನೋ ಏನೋ."

ಕುಶಲ ಅಲ್ಲೇ ಎದುರಿಗೆ ಮರಳಿನಲ್ಲಿ ಗುಂಡಿ ತೋಡುತ್ತಿದ್ದ. ಅವನ ಚಡ್ಡಿ ಸೊಂಟದಿಂದ ಜಾರಿತ್ತು. ದೀಕ್ಷಿತಾ ಅವನನ್ನೇ ನೋಡಿದಳು.

"ಅಪ್ಪಾ, ಕುಶಲನಿಗೆ ಲಿಫ್ಟಿನ ಬಟನ್ ಕೂಡ ಎಟುಕುವುದಿಲ್ಲ," ಎಂದಳು. "ಅವನು ಹೇಗೆ ನೀರಿಗೆ ಇಳಿದು ಒಬ್ಬರನ್ನು ಎತ್ತಿಕೊಂಡು ಬರ್ತಾನೆ? ಅವನಿಂದ ಆಗ್ತದಾ?"

ಅಪ್ಪ ಮರಳು ಸುರಿಯುವುದನ್ನು ನಿಲ್ಲಿಸಿದರು. ಕುಶಲನ ಕಡೆ ನೋಡಿದರು. ತುಂಬಾ ಹೊತ್ತು ನೋಡುತ್ತಲೇ ಇದ್ದರು, ಇವತ್ತೇ ಮೊದಲ ಸಲ ನೋಡುತ್ತಿರುವ ಹಾಗೆ. ಕುಶಲನಿಗೆ ನಾಚಿಕೆಯಾಯಿತೋ ಏನೋ, ಎದ್ದು ಬಂದು ಮರಳು ಮೆತ್ತಿದ ಕೈಯಿಂದಲೇ ಅಪ್ಪನ ಕುತ್ತಿಗೆ ತಬ್ಬಿದ.

"ಇಲ್ಲ," ಎಂದರು ಅಪ್ಪ ಮೆಲ್ಲಗೆ. "ಅವನಿಂದ ಆಗುವುದಿಲ್ಲ."

ಸಂಜೆ ಸಮೀಪಿಸಿತ್ತು. ದಡದಲ್ಲಿ ಮೀನಿನ ರಾಶಿಗಳ ಸುತ್ತ ಜನ ಸೇರಿ ಹರಾಜು ಕೂಗತೊಡಗಿದರು. ತಾನೂ ಮಾವಶಿ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ ಬಂದು ಅಪ್ಪನ ಎದುರು ಕುಕ್ಕುರುಗಾಲಿನಲ್ಲಿ ಕೂತರು.

"ತಪ್ಪು ನನ್ನದೂ ಇದೆ ತಮ್ಮಾ. ನಿನ್ನನ್ನೇ ಒಂದು ಮಾತು ಕೇಳಬೇಕಿತ್ತು. ಈಗ ಸಮುದ್ರ ಶಾಂತವಾಗಿದೆ. ಕೊನೆಯ ಬುಟ್ಟಿಗಳನ್ನು ತರಲು ದೋಣಿ ಹೋಗುತ್ತಿದೆ. ನೀನು ಹ್ಞೂಂ ಅಂದರೆ ಹುಡುಗಿಯನ್ನು ಒಂದು ಸಲ ಕರೆದುಕೊಂಡು ಹೋಗುತ್ತೇನೆ. ನನ್ನ ಮಡಿಲಲ್ಲೇ ಕೂರಿಸಿಕೊಳ್ಳುತ್ತೇನೆ."

ಅಪ್ಪ ಸಮುದ್ರದ ಕಡೆ ನೋಡಿದರು. ದೀಕ್ಷಿತಾಳ ಕಡೆ ನೋಡಿದರು.

"ಹೋಗಿ ಬಾ," ಎಂದರು. "ನಾನು ಇಲ್ಲೇ ನಿಂತಿರ್ತೇನೆ."

ದೀಕ್ಷಿತಾ ಚಂಗನೆ ಎದ್ದಳು. ದೂರದಲ್ಲಿ ಬಿಸಿಲು ಬಿದ್ದು ಕೋಟೆಯ ಗೋಡೆ ಹೊಂಬಣ್ಣಕ್ಕೆ ತಿರುಗಿತ್ತು. ಪುಟ್ಟ ದೋಣಿ ನೀರಿನಲ್ಲಿ ತೂಗುತ್ತಿತ್ತು. ಓಡಿದರೆ ಈಗಲೇ ಹತ್ತಬಹುದು.

ಅಪ್ಪನೂ ಎದ್ದು ನಿಂತಿದ್ದರು. ನಗುತ್ತಿದ್ದರು ಸಹ. ಆದರೆ ಅವರ ಒಂದು ಕೈ ಮಗುಚಿದ ದೋಣಿಯ ಹಲಗೆಯನ್ನು ಗಟ್ಟಿಯಾಗಿ ಹಿಡಿದಿತ್ತು. ಉಗುರುಗಳ ತುದಿ ಬೆಳ್ಳಗಾಗಿತ್ತು.

"ಇವತ್ತು ಬೇಡ ಮಾವಶಿ," ಎಂದಳು ದೀಕ್ಷಿತಾ. "ನನಗೆ ತುಂಬಾ ಹಸಿವಾಗ್ತಾ ಉಂಟು ಅಪ್ಪಾ. ಊಟಕ್ಕೆ ಹೋಗುವಾ?"

ನಿಜ ಹೇಳಬೇಕೆಂದರೆ, ಮಧ್ಯಾಹ್ನ ದಾರಿಯಲ್ಲಿ ತಿಂದ ಎರಡು ವಡಾಪಾವ್ ಇನ್ನೂ ಅವಳ ಹೊಟ್ಟೆಯಲ್ಲೇ ಕೂತಿದ್ದವು.

ಬಂದರಿನ ರಸ್ತೆಯಲ್ಲಿ ಒಂದು ಸಣ್ಣ ಖಾನಾವಳಿ. ಊಟ ಬಂತು. ಬಿಸಿಬಿಸಿ ಅಕ್ಕಿ ಭಾಕರಿ, ತೆಂಗಿನಕಾಯಿ ಅರೆದು ಮಾಡಿದ ಬಂಗುಡೆ ಸಾರು, ಅಂಗೈ ಅಗಲದ ಸುರ್ಮಯಿ ಫ್ರೈ, ಕುಡಿಯಲು ಪುನರ್ಪುಳಿಯ ಗುಲಾಬಿ ಬಣ್ಣದ ಸೋಲ್‌ಕಢಿ. ಅಮ್ಮ ಸಾರಿನ ರುಚಿ ನೋಡಿ, "ನಮ್ಮ ಕಡೆಯ ಹಾಗೇ ಉಂಟಲ್ಲ!" ಎಂದಳು. ಅಪ್ಪ, "ಸ್ವಲ್ಪ ಹುಳಿ ಕಮ್ಮಿ" ಎಂದರು. ಆಮೇಲೆ, ಯಾರೂ ಕೇಳದೇ ಇದ್ದರೂ, "ಮಧು ಅಣ್ಣನಿಗೆ ಬಂಗುಡೆ ಅಂದ್ರೆ ಪ್ರಾಣ. ನನ್ನ ಪಾಲಿನದ್ದನ್ನೂ ಕದ್ದು ತಿನ್ತಿದ್ದ, ಕಳ್ಳ!" ಎಂದು ನಕ್ಕರು.

ಅಮ್ಮ ತುತ್ತನ್ನು ಕೈಯಲ್ಲೇ ಹಿಡಿದು ಅಪ್ಪನ ಮುಖ ನೋಡಿದಳು.

"ಎಂತ ದೀಕ್ಷಿ, ಹಸಿವು ಅಂದಿಯಲ್ಲ? ತಿನ್ನು," ಎಂದು ಅಪ್ಪ ಅವಳ ತಟ್ಟೆಗೆ ಇನ್ನೊಂದು ಭಾಕರಿ ಹಾಕಿದರು.

ದೀಕ್ಷಿತಾ ತಿಂದಳು. ಹೊಟ್ಟೆ ಬಿರಿಯುತ್ತಿತ್ತು. ಅಪ್ಪ ತಮ್ಮ ಮೀನಿನ ಮುಳ್ಳನ್ನು ಒಂದೊಂದಾಗಿ ಬಿಡಿಸಿ, ದೊಡ್ಡ ತುಂಡನ್ನು ಅವಳ ಕಡೆ ಸರಿಸಿದರು.

ಅವಳು ಅದನ್ನೂ ತಿಂದಳು.