ಐತವಾರ ಹತ್ತು ಗಂಟೆಯ ಪಾಠ

ಪಾಂಡುರಂಗ ಎಂಬ ಹುಡುಗ ನಿಜವಾಗಿ ಇದ್ದಾನೋ ಇಲ್ಲವೋ ನೋಡಲೆಂದೇ ಅವ್ವ ನನ್ನ ಜೊತೆ ಕಲಬುರಗಿಗೆ ಬಂದಳು.

ಅದು ತೊಂಬತ್ತೊಂದನೇ ಇಸವಿ. ಅಂಚೆಯಲ್ಲಿ ಬಿ.ಎ. ಓದುವ ನಮಗೆ ವರ್ಷಕ್ಕೆ ಹತ್ತೇ ದಿನ ಕ್ಲಾಸು. ಹಿಂದಿನ ವರ್ಷ ಅವನು ನನ್ನ ಹಿಂದಿನ ಬೆಂಚಿನಲ್ಲಿದ್ದ. ನಾನು ತಿರುಗಿದರೆ ಸಾಕು, ಅವನ ಕಣ್ಣು ಫ್ಯಾನಿನ ಕಡೆ ಹೋಗುತ್ತಿತ್ತು.

"ಆ ಫ್ಯಾನಿನ್ಯಾಗ ಏನದರೀ?"

"ಏನಿಲ್ಲರೀ. ತಿರಗಲಿಕತ್ತಿಲ್ಲ, ಅದಕ್ಕ."

ಕೊನೆಯ ದಿನ ಅವನೇ ಹೇಳಿದ. "ನಿಮ್ಮೂರು ಮಹಾಗಾಂವಕ್ಕ ಪತ್ರ ಬರದ್ರ ನಿಮ್ಮ ಮನ್ಯಾಗ ಬೈತಾರ. ಐತವಾರ ಹತ್ತಕ್ಕ ಇಬ್ಬರೂ ಒಂದೇ ಪಾಠ ಓದೋಣು. ನಾ ಇಲ್ಲೇ ಗಾಜಿಪುರದಾಗ, ನೀ ಅಲ್ಲಿ. ಕೂಡಿ ಓದಿದಂಗ."

ಓದಿದೆ. ಊರಿನಲ್ಲಿ ನನಗೆ ಓದಿನ ಮಾತಾಡಲು ಯಾರೂ ಇರಲಿಲ್ಲ. ಗಟ್ಟಿಯಾಗಿ ಓದಿ, ಪ್ರಶ್ನೆ ಕೇಳಿ, ಅವನು ಉತ್ತರಿಸುವಷ್ಟು ಹೊತ್ತು ಸುಮ್ಮನಿದ್ದು ನಗುತ್ತಿದ್ದೆ. ಹುಡುಗಿಗೆ ತಲೆ ಕೆಟ್ಟಿದೆ ಎಂದು ಓಣಿಯೆಲ್ಲ ಆಡಿಕೊಂಡಿತು. ಅವ್ವ ತಾಯಿತ ಕಟ್ಟಿಸಿದಳು. ಪಾಂಡುರಂಗನ ವಿಷಯ ಹೇಳಿದರೆ ನಂಬದೆ, ಆ ಹುಡುಗ ಸಿಗದಿದ್ದರೆ ಓದು ಬಂದ್ ಎಂದಳು.

ಈ ವರ್ಷ ಒಂಬತ್ತು ದಿನ ಅವನು ಬರಲಿಲ್ಲ. ಹತ್ತನೆಯ ದಿನ ಬಂದ. ಸೊರಗಿದ್ದ.

"ಐತವಾರ ನಮ್ಮ ಹುಡುಗಿ ಕೂಡ ನೀನೂ ಓದ್ತಿದ್ದೇನಪಾ?" ಅವ್ವ ಕೇಳಿದಳು.

ಅವನು ನನ್ನ ತೋಳಿನ ತಾಯಿತ ನೋಡಿದ. "ಓದ್ತಿದ್ದೆರೀ. ಒಂದೂ ಬಿಟ್ಟಿಲ್ಲ."

ಅವ್ವ ಅಲ್ಲೇ ತಾಯಿತ ಬಿಚ್ಚಿ, ಕಣ್ಣೊರೆಸಿಕೊಂಡು ಚಹಾ ಕುಡಿಯಲು ಹೋದಳು. ನನಗೆ ಕುಣಿಯುವಷ್ಟು ಸಂತೋಷವಾಗಿತ್ತು.

"ಶಿವಕಾಂತಾ, ನಾ ಸುಳ್ಳ ಹೇಳ್ದೆ," ಎಂದ ಪಾಂಡುರಂಗ. "ಮೂರನೇ ಪಾಠ ಆದಮ್ಯಾಲ ಅಂಚ್ಯಾಗ ಬಂದ ಪಾಠದ ಒಂದೂ ಪಾಕೀಟು ಒಡದಿಲ್ಲ. ಖೋಲ್ಯಾಗ ಒಬ್ಬನೇ ಕೂತು ಕೂತು ಮಂದಿ ಮುಖ ನೋಡಲಿಕ್ಕೇ ಅಂಜಿಕಿ ಬರಲಿಕತ್ತು. ಡಾಕ್ಟರ್ ಗುಳಗಿ ಕೊಟ್ಟಾರ. ಓದು ಬಿಟ್ಟೀನಿ."

"ಮತ್ತ ಇವತ್ತ್ಯಾಕ ಬಂದಿ?"

"ನಿನ್ನ ನೋಡಬೇಕು ಅನಸ್ತು. ವರ್ಷದಾಗ ಬೇಕು ಅನಸಿದ್ದು ಅದೊಂದೇ."

ಬೈಯಬೇಕೆಂದುಕೊಂಡೆ. ಕೈ ಹಿಡಿದು ಅತ್ತುಬಿಟ್ಟೆ. ನೀನೆಂದರೆ ನನಗೆ ಜೀವ ಎಂದು ಹೇಳಿದೆ. ಅವನು ಕೈ ಬಿಡಿಸಿಕೊಳ್ಳಲಿಲ್ಲ. ನಾಳೆ ಸೊಲ್ಲಾಪುರದ ಕಾಕಾನ ಮನೆಗೆ ಕಳಿಸುತ್ತಾರೆ, ಮತ್ತೆ ಯಾವಾಗ ಬರುತ್ತೇನೋ ಗೊತ್ತಿಲ್ಲ, ಕಾಯಬೇಡ ಎಂದ.

ಮುಂದಿನ ಐತವಾರ ಹತ್ತಕ್ಕೆ ಅವ್ವ ತಾನೇ ಚಾಪೆ ಹಾಸಿದಳು.

"ಕೂಡವಾ, ಅಂವ ಕಾಯ್ತಿರತಾನ."

ಬಾಗಿಲು ಮುಂದೆ ಮಾಡಿ ಹೊರಗೆ ಕಟ್ಟೆಯ ಮೇಲೆ ಕೂತಳು. ನಾನು ಗಟ್ಟಿಯಾಗಿ ಪಾಠ ಓದಿದೆ. ಪ್ರಶ್ನೆ ಕೇಳಿದೆ. ಅವನು ಉತ್ತರಿಸುವಷ್ಟು ಹೊತ್ತು ಸುಮ್ಮನಿದ್ದೆ. ಆಮೇಲೆ, ಅವ್ವನಿಗೆ ಕೇಳಿಸಲಿ ಎಂದು, ನಕ್ಕೆ.